ರೆಜಿನಾಲ್ಡ್ ಡಯರ್

ರೆಜಿನಾಲ್ಡ್ ಎಡ್ವರ್ಡ್ ಹ್ಯಾರಿ ಡಯರ್ (ಅಕ್ಟೋಬರ್ 9, 1864 – ಜುಲೈ 23, 1927) ಬ್ರಿಟಿಷ್ ಭಾರತೀಯ ಸೇನೆಯ ಅಧಿಕಾರಿ. 1919ರಲ್ಲಿ ಅಮೃತಸರದ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ಆದೇಶವಿತ್ತವನು. ನೂರಾರು ಜನರ ಸಾವಿಗೆ ಕಾರಣನಾದರೂ ಈತನ ಅಪರಾಧವನ್ನು ಸೇನಾ ನ್ಯಾಯಾಲಯವಾಗಲಿ ನಾಗರಿಕ ನ್ಯಾಯಾಲಯವಾಗಲಿ ವಿಚಾರಣೆಗೆ ಒಳಪಡಿಸಲಿಲ್ಲ.

ಆರಂಭಿಕ ಜೀವನ

ಡಯರ್ ಇಂದಿನ ಪಾಕಿಸ್ತಾನದಲ್ಲಿರುವ ಮರ್ರಿಯಲ್ಲಿ ಜನಿಸಿದನು. ಶಿಮ್ಲಾ ಹಾಗೂ ಐರ್ಲೆಂಡಿನಲ್ಲಿ ಶಿಕ್ಷಣ ಪಡೆದು 1885ರಲ್ಲಿ ಸೇನಾಧಿಕಾರಿಯಾದನು. ಮೊದಲ ಮಹಾಯುದ್ಧದ ಅವಧಿಯಲ್ಲಿ ಪರ್ಷಿಯಾದ ಸೀಸ್ತಾನ್ ಪ್ರದೇಶದ ಪಡೆಯನ್ನು ಮುನ್ನಡೆಸಿದನು. 1919ರಲ್ಲಿ ಜಲಂಧರಿನ ಬ್ರಿಗೇಡ್ ಈತನ ಅಧೀನದಲ್ಲಿತ್ತು.

ಹತ್ಯಾಕಾಂಡ

ರೌಲತ್ ಕಾಯ್ದೆಯ ವಿರುದ್ಧದ ಚಳವಳಿಯ ನಾಯಕರ ಬಂಧನದಿಂದ ಅಮೃತಸರದಲ್ಲಿ ಗಲಭೆಯುಂಟಾದಾಗ, ಏಪ್ರಿಲ್ 11ರಂದು ಡಯರ್ ಅಲ್ಲಿಗೆ ಬಂದು ಸಭೆಗಳನ್ನು ನಿಷೇಧಿಸಿದನು. ಏಪ್ರಿಲ್ 13, ಬೈಸಾಖಿಯಂದು, ಬಾಗ್‌ನಲ್ಲಿ ಸೇರಿದ್ದ ನಿರಾಯುಧ ಜನರ ಮೇಲೆ ಎಚ್ಚರಿಕೆ ನೀಡದೆ ಗುಂಡು ಹಾರಿಸಲು ಆಜ್ಞಾಪಿಸಿದನು. ಸುಮಾರು 10 ನಿಮಿಷಗಳಲ್ಲಿ 1,650 ಗುಂಡುಗಳು ಹಾರಿದವು. ಸರ್ಕಾರಿ ಲೆಕ್ಕದಂತೆ ಸತ್ತವರು 379 ಮಂದಿ. ಕಾಂಗ್ರೆಸ್ಸಿನ ಅಂದಾಜು ಸುಮಾರು 1,000. ಅಂದು ನಗರದಲ್ಲಿ ಸೇನಾಡಳಿತ ಇನ್ನೂ ವಿಧ್ಯುಕ್ತವಾಗಿ ಘೋಷಣೆಯಾಗಿರಲಿಲ್ಲ.

ತನಿಖೆ ಮತ್ತು ಕಾನೂನು ರಕ್ಷಣೆ

ಸೈನಿಕನು ಸೇನಾ ಕಾನೂನಿಗಷ್ಟೇ ಅಲ್ಲದೆ ಸಾಮಾನ್ಯ ಕಾನೂನಿಗೂ ಒಳಪಟ್ಟವನು. ಆದರೆ 1919ರ ಸೆಪ್ಟೆಂಬರಿನಲ್ಲಿ, ತನಿಖೆ ಆರಂಭವಾಗುವ ಮೊದಲೇ, ಶಾಂತಿ ಸ್ಥಾಪನೆಗಾಗಿ ಸದ್ಭಾವನೆಯಿಂದ ವರ್ತಿಸಿದ ಅಧಿಕಾರಿಗಳನ್ನು ಮೊಕದ್ದಮೆಗಳಿಂದ ರಕ್ಷಿಸುವ ಕಾಯ್ದೆಯು ಅಂಗೀಕಾರವಾಯಿತು. ಮದನಮೋಹನ ಮಾಳವೀಯರು ಅದನ್ನು ವಿರೋಧಿಸಿದರು. ಅಕ್ಟೋಬರಿನಲ್ಲಿ ನೇಮಕವಾದ ಹಂಟರ್ ಸಮಿತಿಗೆ ತನಿಖೆ ನಡೆಸುವ ಅಧಿಕಾರವಿತ್ತೇ ಹೊರತು ಶಿಕ್ಷಿಸುವ ಅಧಿಕಾರವಿರಲಿಲ್ಲ. ಅದರ ಮುಂದೆ ಡಯರ್, ಜನರಲ್ಲಿ ಭಯ ಹುಟ್ಟಿಸುವುದು ತನ್ನ ಉದ್ದೇಶವಾಗಿತ್ತೆಂದು ಒಪ್ಪಿಕೊಂಡನು. 1920ರ ಮೇ ತಿಂಗಳಲ್ಲಿ ಪ್ರಕಟವಾದ ವರದಿ ಆತನ ಕೃತ್ಯವನ್ನು ಖಂಡಿಸಿತು.

ಸೇನೆಯು ಆತನನ್ನು ಸೇನಾ ನ್ಯಾಯಾಲಯಕ್ಕೆ ಒಪ್ಪಿಸದೆ ಹುದ್ದೆಯನ್ನು ತೊರೆಯುವಂತೆ ಮಾಡಿತು. ಮುಂದೆ ಯಾವ ಹುದ್ದೆಯನ್ನೂ ನೀಡಲಿಲ್ಲ. ವಿಚಾರಣೆಯಿಲ್ಲದೆ ದಂಡಿಸಲಾಯಿತೆಂದು ಬ್ರಿಟನ್ನಿನ ಬೆಂಬಲಿಗರು ದೂರಿದರು. ಪ್ರಭುಗಳ ಸಭೆಯು ಆತನ ಪರವಾಗಿ ಮತ ನೀಡಿತು. ಮಾರ್ನಿಂಗ್ ಪೋಸ್ಟ್ ಪತ್ರಿಕೆ ಸುಮಾರು 26,000 ಪೌಂಡ್ ನಿಧಿ ಸಂಗ್ರಹಿಸಿತು.

ಮಾನನಷ್ಟ ಮೊಕದ್ದಮೆ

ಹತ್ಯಾಕಾಂಡದ ಕಾಲದಲ್ಲಿ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮೈಕೆಲ್ ಓಡ್ವಯರ್, ತನ್ನನ್ನು ಪುಸ್ತಕದಲ್ಲಿ ಟೀಕಿಸಿದ ಸಿ. ಶಂಕರನ್ ನಾಯರ್ ವಿರುದ್ಧ ಲಂಡನ್ನಿನಲ್ಲಿ ಮೊಕದ್ದಮೆ ಹೂಡಿದನು. 1924ರಲ್ಲಿ ನಡೆದ ವಿಚಾರಣೆಯಲ್ಲಿ ನ್ಯಾಯಾಧೀಶ ಮೆಕಾರ್ಡಿ, ಡಯರ್ ವರ್ತಿಸಿದ್ದು ಸರಿಯೆಂದು ಅಭಿಪ್ರಾಯಪಟ್ಟನು. ಸೋತ ನಾಯರ್ 500 ಪೌಂಡ್ ಪರಿಹಾರ ತೆರಬೇಕಾಯಿತು. ಹೀಗೆ ಹತ್ಯಾಕಾಂಡದ ಸರಿತಪ್ಪುಗಳು ನಾಗರಿಕ ನ್ಯಾಯಾಲಯದಲ್ಲಿ ಚರ್ಚೆಗೆ ಬಂದಾಗ ಪ್ರತಿವಾದಿಯಾಗಿ ನಿಂತವರು ಅದನ್ನು ಟೀಕಿಸಿದವರು. ಅನಾರೋಗ್ಯದಿಂದಿದ್ದ ಡಯರ್ ಸಾಕ್ಷಿ ನುಡಿಯಲೂ ಬರಲಿಲ್ಲ.

ನಿಧನ

ಡಯರ್ 1927ರಲ್ಲಿ ಬ್ರಿಸ್ಟಲ್ ಸಮೀಪದ ಲಾಂಗ್ ಆಷ್ಟನ್‌ನಲ್ಲಿ ಮೆದುಳಿನ ರಕ್ತಸ್ರಾವದಿಂದ ನಿಧನನಾದನು. ಉಧಮ್ ಸಿಂಗ್ 1940ರಲ್ಲಿ ಗುಂಡಿಟ್ಟು ಕೊಂದದ್ದು ಈತನನ್ನಲ್ಲ, ಮೈಕೆಲ್ ಓಡ್ವಯರ್‌ನನ್ನು. ಹೆಸರುಗಳ ಹೋಲಿಕೆಯಿಂದ ಇಬ್ಬರನ್ನೂ ಒಬ್ಬನೇ ಎಂದು ಭಾವಿಸುವುದುಂಟು.