ಕಡೆದ ಕಟ್ಟಿಗೆಗೆ ಬೆಲೆ ತಂದ ಕಮಲಾದೇವಿ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಹಕಾರಿ ಹಿರಿಯರನ್ನು ನೆನೆಯುವುದು ನಮ್ಮ ಕರ್ತವ್ಯ. ಸಹಕಾರ ಅಂದ ಕೂಡಲೇ ನಮಗೆ ಹೊಳೆ ಆಚೆಯ ಗದಗ ಸೀಮೆಯ ಕಣಗಿನಹಾಳ ಗ್ರಾಮ ನೆನಪಿಗೆ ಬರುತ್ತದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ ಸಂಘದ ಕಥೆ ನಿಮಗೆಲ್ಲ ಗೊತ್ತೇ ಇದೆ. ಆ ಸಂಘ ರೈತನ ಕೈಗೆ ಸಾಲ ಕೊಟ್ಟಿತು. ಆದರೆ ರೈತನ ಗಾಡಿ, ಕುಂಟಿ, ಕೂರಿಗೆ ಮಾಡಿಕೊಡುವ ಕಸುಬುದಾರನ ಕೈಗೂ ಸಹಕಾರ ಮುಟ್ಟಬೇಕು ಅಂತ ಜೀವನಪೂರ್ತಿ ದುಡಿದ ಒಬ್ಬ ಕನ್ನಡ ನಾಡಿನ ಹೆಣ್ಣುಮಗಳಿದ್ದರು. ಅವರೇ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ. ಅವರ ಬಗ್ಗೆ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಕಮಲಾದೇವಿಯವರು ಹುಟ್ಟಿದ್ದು 1903ನೇ ಇಸವಿ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಅವರು ಸರ್ಕಾರದಲ್ಲಿ ದೊಡ್ಡ ಅಧಿಕಾರಿ. ತಾಯಿ ಗಿರಿಜಾಬಾಯಿ ಓದು ಬಲ್ಲ, ಗಟ್ಟಿ ಮನಸ್ಸಿನ ಹೆಂಗಸು. ಮಗಳಿಗೆ ಏಳು ವರ್ಷ ಇರುವಾಗಲೇ ತಂದೆ ತೀರಿಕೊಂಡರು. ಆಗಿನ ಕಾನೂನಿನ ಪ್ರಕಾರ ಆಸ್ತಿ ಎಲ್ಲ ಮೊದಲನೇ ಹೆಂಡತಿಯ ಮಗನ ಪಾಲಾಯಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಜೀವನಾಂಶ ಬಿಟ್ಟರೆ ಬೇರೆ ಹಕ್ಕು ಇರಲಿಲ್ಲ. ಆ ಜೀವನಾಂಶವೂ ಬೇಡ ಅಂತ ತಾಯಿ ತಮ್ಮದೇ ಆಸರೆಯಲ್ಲಿ ಮಕ್ಕಳನ್ನು ಬೆಳೆಸಿದರು. ದುಡಿದವರ ಕೈಗೆ, ಬಾಳಿದವರ ಕೈಗೆ ಹಕ್ಕು ಇಲ್ಲದೇ ಹೋದರೆ ಏನಾಗುತ್ತದೆ ಅನ್ನೋದನ್ನ ಈ ಹುಡುಗಿ ಏಳನೇ ವಯಸ್ಸಿಗೇ ಕಂಡಿದ್ದಳು ನೋಡ್ರಿ.

ಹದಿನಾಲ್ಕಕ್ಕೆ ಮದುವೆ, ಎರಡೇ ವರ್ಷಕ್ಕೆ ವೈಧವ್ಯ. ಆ ಕಾಲದಲ್ಲಿ ಇಂಥ ಹುಡುಗಿಯ ಬದುಕು ಅಡಿಗೆಮನೆ ಮೂಲೆಯಲ್ಲಿ ಮುಗಿದು ಹೋಗುತ್ತಿತ್ತು. ತಾಯಿ ಹಂಗೆ ಬಿಡಲಿಲ್ಲ, ಓದಿಸಿದರು. ಮದ್ರಾಸಿನ ಕ್ವೀನ್ ಮೇರಿಸ್ ಕಾಲೇಜಿಗೆ ಸೇರಿದಾಗ ಸರೋಜಿನಿ ನಾಯ್ಡು ಅವರ ಮನೆತನದ ಪರಿಚಯವಾಯಿತು. ಸರೋಜಿನಿಯವರ ತಮ್ಮ ಹರೀಂದ್ರನಾಥರನ್ನು ಕಮಲಾದೇವಿಯವರು ಮದುವೆಯಾದರು. ವಿಧವಾ ವಿವಾಹ, ಅದೂ ಬೇರೆ ಭಾಷೆ, ಬೇರೆ ಜಾತಿ. ಜನ ಸುಮ್ಮನಿದ್ದಾರೆಯೇ? ಆಡಿಕೊಂಡರು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಒಬ್ಬ ಮಗ ಹುಟ್ಟಿದ. ಮುಂದೆ ಆ ಸಂಸಾರ ಕೂಡಿ ಬರಲಿಲ್ಲ, ಇಬ್ಬರೂ ಬೇರೆಯಾದರು.

ಲಂಡನ್ನಿಗೆ ಓದಲು ಹೋದಾಗ ಗಾಂಧೀಜಿಯವರ ಅಸಹಕಾರ ಚಳುವಳಿಯ ಸುದ್ದಿ ಕೇಳಿ ವಾಪಸ್ಸು ಬಂದು ಸೇವಾದಳಕ್ಕೆ ಸೇರಿದರು. 1926ರಲ್ಲಿ ಮದ್ರಾಸ್ ಪ್ರಾಂತದ ಶಾಸನಸಭೆಗೆ ಚುನಾವಣೆಗೆ ನಿಂತರು. ಆಗ ಮಂಗಳೂರೂ ಮದ್ರಾಸಿಗೆ ಸೇರಿತ್ತು, ಬಳ್ಳಾರಿ ಜಿಲ್ಲೆಯ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯೂ ಮದ್ರಾಸಿಗೇ ಸೇರಿತ್ತು. ನಮ್ಮ ಅಜ್ಜಂದಿರು ಅವರು ಒಂದೇ ಸರ್ಕಾರದ ಪ್ರಜೆಗಳು. ಹೆಂಗಸರು ಚುನಾವಣೆಗೆ ನಿಲ್ಲುವುದೇ ಹೊಸದು. ಬಹಳ ಕಡಿಮೆ ಮತಗಳಿಂದ ಸೋತರು. ಆದರೂ ನಿಲ್ಲಬಹುದು ಅಂತ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಂತಾಯಿತು. ಮರುವರ್ಷ ಅಖಿಲ ಭಾರತ ಮಹಿಳಾ ಪರಿಷತ್ತು ಹುಟ್ಟಿದಾಗ ಅದರ ಸಂಘಟನೆಯ ಹೊಣೆ ಹೊತ್ತರು.

1930ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರು ಬೇಡ ಅನ್ನುವ ವಿಚಾರ ಮೊದಲು ಇತ್ತು. ಕಮಲಾದೇವಿಯವರು ಗಾಂಧೀಜಿಯವರ ಹತ್ತಿರ ಹೋಗಿ ವಾದ ಮಾಡಿ ಒಪ್ಪಿಸಿದರು. ಮುಂಬಯಿಯಲ್ಲಿ ತಾವೇ ಉಪ್ಪು ಮಾಡಿ, ಪೊಟ್ಟಣ ಕಟ್ಟಿ, ಷೇರು ಪೇಟೆಯ ಒಳಗೇ ಹೋಗಿ ಮಾರಿದರು. ಜೈಲು ಕಂಡರು. ಗಾಂಧೀಜಿಯವರ ಚಿತಾಭಸ್ಮ ಇಟ್ಟ ಹುತಾತ್ಮ ಸ್ಮಾರಕ ನಮ್ಮ ಕೂಡ್ಲಿಗಿಯಲ್ಲೇ ಇದೆ. ಅದರ ಮುಂದೆ ಹಾದು ಹೋಗುವಾಗ ಇಂಥ ತಾಯಂದಿರನ್ನೂ ನಾವು ನೆನೆಯಬೇಕು. ಈ ಮಧ್ಯೆ ಕನ್ನಡದ ಮೃಚ್ಛಕಟಿಕ ಮೂಕಿ ಚಿತ್ರದಲ್ಲೂ ಅವರು ಪಾತ್ರ ಮಾಡಿದ್ದರು ಅಂದರೆ ನಿಮಗೆ ಆಶ್ಚರ್ಯವಾದೀತು.

ಸ್ವಾತಂತ್ರ್ಯ ಬಂದ ಮೇಲೆ ಬೇರೆಯವರು ಕುರ್ಚಿ ಕಡೆ ನಡೆದರು. ಕಮಲಾದೇವಿಯವರು ನಿರಾಶ್ರಿತರ ಡೇರೆಗಳ ಕಡೆ ನಡೆದರು. ದೇಶ ಒಡೆದು ಲಕ್ಷಗಟ್ಟಲೆ ಜನ ಮನೆ ಮಠ ಬಿಟ್ಟು ದೆಹಲಿಗೆ ಬಂದಿದ್ದರು. ಅವರಿಗೆ ಬರೀ ರೇಷನ್ ಕೊಟ್ಟರೆ ಸಾಲದು, ಕೈಗೆ ಕೆಲಸ ಬೇಕು, ಆ ಕೆಲಸದ ಒಡೆತನವೂ ಅವರದೇ ಆಗಬೇಕು ಅನ್ನೋದು ಇವರ ವಿಚಾರ. ಅದಕ್ಕಾಗಿ 1948ರಲ್ಲಿ ಭಾರತೀಯ ಸಹಕಾರ ಯೂನಿಯನ್ ಕಟ್ಟಿದರು. ದೆಹಲಿ ಹತ್ತಿರದ ಛತರ್‌ಪುರದಲ್ಲಿ ನಿರಾಶ್ರಿತ ರೈತರ ಸಹಕಾರಿ ಸಂಘ ಮಾಡಿಸಿದರು. ಫರೀದಾಬಾದಿನಲ್ಲಿ ವಾಯವ್ಯ ಗಡಿನಾಡಿನಿಂದ ಬಂದ ಸಾವಿರಾರು ಜನ ಸಹಕಾರದ ಮೇಲೆ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು. ಇವತ್ತಿನ ಫರೀದಾಬಾದ್ ನಗರ ಬೆಳೆದದ್ದು ಆ ಬುನಾದಿಯ ಮೇಲೆ.

1952ರಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕರಕುಶಲ ಮಂಡಳಿ ಮಾಡಿತು. ಸುಮಾರು 20 ವರ್ಷ ಕಮಲಾದೇವಿಯವರೇ ಅದರ ಹೊಣೆ ಹೊತ್ತು ಹಳ್ಳಿ ಹಳ್ಳಿ ತಿರುಗಿದರು. ನೇಕಾರ, ಕುಂಬಾರ, ಕಂಚುಗಾರ, ಬಡಗಿ, ಮರ ಕಡೆಯುವವನು ಎಲ್ಲರ ಮನೆ ಮುಂದೆ ಕೂತು ಅವರ ಕಷ್ಟ ಕೇಳಿದರು.

ಮರ ಕಡೆಯುವ ಕೆಲಸದ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಬೇಕು. ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ಹೆಸರಾದ ಊರು ಬೆಂಗಳೂರು–ಮೈಸೂರು ರಸ್ತೆಯ ಚನ್ನಪಟ್ಟಣ. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಕಲಿಸಿದರು ಅಂತ ಅಲ್ಲಿ ಪ್ರತೀತಿ. ಬಾವಾಸ್ ಮಿಯಾ ಎಂಬುವರು ಜಪಾನಿನ ವಿಧಾನ ಅಳವಡಿಸಿ ಕಸುಬನ್ನು ಬೆಳೆಸಿದರು ಅಂತಲೂ ಹೇಳುತ್ತಾರೆ. ಅಲ್ಲಿ ಹೆಚ್ಚಾಗಿ ಬಳಸುವುದು ಹಾಲೆ ಮರ. ಬೆಳ್ಳಗೆ, ಮೆತ್ತಗೆ, ನಾರು ಒಂದೇ ಸಮ. ಮರ ಕಡಿದ ತಕ್ಷಣ ಕಡೆಯಲು ಕೂಡುವಂತಿಲ್ಲ. ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಬೇಕು. ಹಸಿ ಕಟ್ಟಿಗೆ ಕಡೆದರೆ ಆಮೇಲೆ ಬಿರಿಯುತ್ತದೆ, ಗುಂಡಗಿದ್ದದ್ದು ಮೊಟ್ಟೆ ಆಕಾರ ಆಗುತ್ತದೆ.

ಹಳೇ ಕಾಲದ ಲೇತಿನಲ್ಲಿ ಎರಡು ಕಬ್ಬಿಣದ ಮೊನೆಗಳ ನಡುವೆ ಕಟ್ಟಿಗೆ ಸಿಗಿಸಿ, ಬಿಲ್ಲಿನ ಹುರಿ ಸುತ್ತಿ, ಒಂದು ಕೈಯಿಂದ ಬಿಲ್ಲು ಎಳೆದು ಇನ್ನೊಂದು ಕೈಯಿಂದ ಉಳಿ ಹಿಡಿಯುತ್ತಿದ್ದರು. ಬಿಲ್ಲು ಹಿಂದೆ ಮುಂದೆ ಆಡುವುದರಿಂದ ಕಟ್ಟಿಗೆಯೂ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುಗುತ್ತದೆ. ಅರ್ಧ ಹೊತ್ತು ಮಾತ್ರ ಉಳಿ ಕೆಲಸ ಮಾಡುತ್ತದೆ. ಕರೆಂಟ್ ಲೇತಿನಲ್ಲಿ ಒಂದೇ ಕಡೆ ತಿರುಗುವುದರಿಂದ ಕೆಲಸ ಬೇಗ ಆಗುತ್ತದೆ.

ಕಟ್ಟಿಗೆಯನ್ನು ಲೇತಿಗೆ ಕೂಡಿಸುವುದರಲ್ಲೇ ಅರ್ಧ ವಿದ್ಯೆ ಇದೆ. ಲಟ್ಟಣಿಗೆ, ಮಂಚದ ಕಾಲು, ತೊಟ್ಟಿಲ ಕಂಬದಂಥ ಉದ್ದನೆಯ ಸಾಮಾನಿಗೆ ಎರಡೂ ತುದಿಗೆ ಹಿಡಿತ ಕೊಡಬೇಕು. ತುದಿಯ ಮುಖದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಅವು ಕೂಡುವ ಕಡೆಯೇ ನಡು. ನಡು ತಪ್ಪಿದರೆ ಕಟ್ಟಿಗೆ ಅದುರುತ್ತದೆ. ಕುಂಕುಮದ ಭರಣಿ, ಡಬ್ಬಿಯಂಥ ಒಳಗೆ ಟೊಳ್ಳು ಮಾಡುವ ಸಾಮಾನಿಗೆ ಒಂದೇ ತುದಿಯಲ್ಲಿ ಹಿಡಿತ. ಆ ತುದಿಯನ್ನು ಸ್ವಲ್ಪ ಸಣ್ಣಗೆ ಕೆತ್ತಿ, ಲೇತಿನ ಬಟ್ಟಲಿನಂಥ ಕಬ್ಬಿಣದ ಗುಳಿಯೊಳಗೆ ಸುತ್ತಿಗೆಯಿಂದ ಬಡಿದು ಬಿಗಿ ಮಾಡುತ್ತಾರೆ. ಸಡಿಲ ಇದ್ದರೆ ಹಾರಿ ಬಂದು ಮುಖಕ್ಕೇ ಬಡಿದೀತು. ಅದಕ್ಕೇ ಮೋಟಾರ್ ಹಾಕುವ ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಬೇಕು, ಹೆಗಲ ಮೇಲಿನ ಟವೆಲ್ ತೆಗೆದಿಡಬೇಕು. ಉಳಿ ಊರುವ ಪಟ್ಟಿ ಕಟ್ಟಿಗೆಗೆ ಹತ್ತಿರ ಇರಬೇಕು. ಉಳಿಯನ್ನು ದಪ್ಪ ಇರುವ ಕಡೆಯಿಂದ ಸಣ್ಣ ಇರುವ ಕಡೆಗೆ ನಡೆಸಬೇಕು, ಇಲ್ಲದಿದ್ದರೆ ನಾರು ಕಿತ್ತು ಬರುತ್ತದೆ.

ಕಡೆದಾದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಕಟ್ಟಿಗೆಗೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಬೆಂಕಿ ಬೇಡ, ಕುಂಚ ಬೇಡ. ಮೇಲೆ ತಾಳೆ ಗರಿ ಒತ್ತಿ ಹಿಡಿದರೆ ಕನ್ನಡಿಯಂಥ ಹೊಳಪು. ಅರಗು ಅಂದರೆ ಮರದ ಮೇಲಿನ ಹುಳ ಕೊಡುವ ಅಂಟು. ಅರಿಷಿಣ, ನೀಲಿಯಂಥ ಗಿಡಮೂಲದ ಬಣ್ಣ ಬೆರೆಸಿದ ಅರಗಾದರೆ ಕೂಸು ಬಾಯಿಗೆ ಇಟ್ಟರೂ ಭಯ ಇಲ್ಲ.

ಇಷ್ಟು ವಿದ್ಯೆ ಇದ್ದವನು ಬಡವನಾಗಿ ಯಾಕೆ ಉಳಿದ? ಕಮಲಾದೇವಿಯವರು ಬೆನ್ನು ಹತ್ತಿದ ಪ್ರಶ್ನೆ ಇದೇ. ಕಸುಬುದಾರನಿಗೆ ಕಟ್ಟಿಗೆ, ಅರಗು ತರಲು ಕೈಯಲ್ಲಿ ರೊಕ್ಕ ಇಲ್ಲ. ವ್ಯಾಪಾರಸ್ಥ ಮುಂಗಡ ಕೊಡುತ್ತಾನೆ. ಮುಂಗಡ ತಿಂದವನು ಮಾಲನ್ನು ಅವನಿಗೇ ಕೊಡಬೇಕು, ಅವನು ಹೇಳಿದ ದರಕ್ಕೇ ಕೊಡಬೇಕು. ಪೇಟೆಯಲ್ಲಿ ಯಾವ ಸಾಮಾನು ಓಡುತ್ತದೆ ಅಂತ ಇವನಿಗೆ ಗೊತ್ತಾಗುವುದಿಲ್ಲ. ಇದು ನಮಗೆ ಹೊಸ ಕಥೆಯೇ? ದಲಾಲಿ ಅಂಗಡಿಯಲ್ಲಿ ಬೀಜ ಗೊಬ್ಬರಕ್ಕೆ ಮುಂಗಡ ತಂದು, ಸುಗ್ಗಿಯಲ್ಲಿ ಶೇಂಗಾ, ಮೆಕ್ಕೆಜೋಳವನ್ನು ಅಲ್ಲೇ ಸುರಿದು ಬರುವ ರೈತನ ಕಥೆಯೂ ಇದೇ ಅಲ್ಲವೇ?

ಈ ಗಂಟನ್ನು ಅವರು ಒಂದೊಂದಾಗಿ ಬಿಚ್ಚುತ್ತಾ ಹೋದರು. ಕಸುಬುದಾರರ ಸಹಕಾರಿ ಸಂಘಗಳಿಗೆ ಒತ್ತು ಕೊಟ್ಟರು. ಹೊಸ ನಮೂನೆ ತಯಾರು ಮಾಡಿಕೊಡಲು ದೆಹಲಿ, ಮುಂಬಯಿ, ಕಲ್ಕತ್ತ ಮತ್ತು ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರಗಳು ಬಂದವು. ದೆಹಲಿಯಲ್ಲಿ 1948ರಲ್ಲಿ ಶುರುವಾಗಿದ್ದ ಗುಡಿ ಕೈಗಾರಿಕಾ ಎಂಪೋರಿಯಂನ ಆಡಳಿತವನ್ನು ಕೆಲವು ವರ್ಷಗಳ ನಂತರ ಅವರ ಸಹಕಾರ ಯೂನಿಯನ್ ವಹಿಸಿಕೊಂಡು ದೊಡ್ಡದು ಮಾಡಿತು. 1964ರಲ್ಲಿ ವಿಶ್ವ ಕರಕುಶಲ ಪರಿಷತ್ತು ಸ್ಥಾಪನೆಯಾದಾಗ ಅದರಲ್ಲೂ ಮುಂದೆ ನಿಂತರು. 1965ರಿಂದ ನುರಿತ ಕಸುಬುದಾರರಿಗೆ ರಾಷ್ಟ್ರ ಪ್ರಶಸ್ತಿ ಶುರುವಾಯಿತು. ಅಲ್ಲಿಯ ತನಕ ಹೆಸರಿಲ್ಲದೆ ಕೂಲಿಯಾಗಿದ್ದವನು ದೆಹಲಿಯಲ್ಲಿ ಸನ್ಮಾನ ಪಡೆಯುವಂತಾದನು.

ಅವರಿಗೆ 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರಿಗೆ 85 ವರ್ಷ. ಅವರು ಹೋದ ಮೇಲೂ ಕೆಲಸ ನಿಂತಿಲ್ಲ. 2005–06ರ ಸಾಲಿನಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬೇರೆ ಕಡೆ ಮಾಡಿದ ಮಾಲಿಗೆ ಆ ಹೆಸರು ಹಚ್ಚುವಂತಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಯಲ್ಲಿ ಒಟ್ಟಿಗೆ ಇವೆ. ನಮ್ಮಲ್ಲಿ ಮಳೆ ಕಡಿಮೆ, ಜಾಲಿ ಮರ ಹೆಚ್ಚು. ಜಾಲಿಯ ಗಟ್ಟಿ ಕಟ್ಟಿಗೆಯಿಂದ ಗಾಡಿಯ ಗುಂಬ ಮಾಡುತ್ತಿದ್ದ ಬಡಗಿಗೆ, ಟೈರಿನ ಗಾಡಿಯೂ ಟ್ರ್ಯಾಕ್ಟರೂ ಬಂದ ಮೇಲೆ ಆ ಕೆಲಸ ತಪ್ಪಿತು. ಕೊಟ್ಟೂರು ಜಾತ್ರೆ, ಮೈಲಾರದ ಜಾತ್ರೆಯಲ್ಲಿ ಮಕ್ಕಳು ಈಗ ಕೈ ಹಾಕುವುದು ಪ್ಲಾಸ್ಟಿಕ್ ಆಟಿಕೆಗೇ. ಕಡಗೋಲು, ಲಟ್ಟಣಿಗೆ, ಬುಗುರಿ ಕೂಡ ಬೇರೆ ಊರಿಂದ ಲಾರಿಯಲ್ಲಿ ಬರುತ್ತವೆ. ಬಡಗಿಯ ಮಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾನೆ. ತಂದೆಯ ಉಳಿಗೆ ತುಕ್ಕು ಹಿಡಿಯುತ್ತದೆ.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಗೊಂಬೆ ಮಾಡುವವರು ಸೇರಿ 18 ಕಸುಬುಗಳಿವೆ. ತರಬೇತಿ, ಸಲಕರಣೆಗೆ 15,000 ರೂಪಾಯಿ, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ, ಎರಡನೇ ಕಂತಿನಲ್ಲಿ 2 ಲಕ್ಷದವರೆಗೆ ಶೇಕಡಾ 5ರ ಬಡ್ಡಿಯಲ್ಲಿ ಸಾಲ ಅಂತ ಅದರಲ್ಲಿ ಗೊತ್ತು ಮಾಡಿದ್ದಾರೆ. ಆದರೆ ಸಾಲ ಸಿಕ್ಕ ಮಾತ್ರಕ್ಕೆ ಕಸುಬು ಉಳಿಯುವುದಿಲ್ಲ. ಮಾಡಿದ ಮಾಲು ಮಾರಾಟವಾಗಬೇಕು. ಒಬ್ಬ ಬಡಗಿ ಒಂಟಿಯಾಗಿ ಪೇಟೆಗೆ ಹೋದರೆ ಅದೇ ಹಳೇ ಮುಂಗಡದ ಉರುಳು ಕಾದಿರುತ್ತದೆ.

ಆದ್ದರಿಂದ ಒಬ್ಬ ನಿರ್ದೇಶಕನಾಗಿ ಸದಸ್ಯರ ಮುಂದೆ ಒಂದು ವಿಚಾರ ಇಡುತ್ತೇನೆ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಇದನ್ನು ಚರ್ಚಿಸಬೇಕು. ಬೈಲಾದಲ್ಲಿ ಅವಕಾಶ ಇದ್ದಷ್ಟು ಮಟ್ಟಿಗೆ ಊರಿನ ಬಡಗಿ, ಕಮ್ಮಾರ, ಕುಂಬಾರರನ್ನು ಷೇರುದಾರರನ್ನಾಗಿ ಮಾಡಿಕೊಳ್ಳೋಣ. ಕಟ್ಟಿಗೆಗೆ ಸಣ್ಣ ಸಾಲ ಕೊಡೋಣ. ಸಂಘದ ಗೊಬ್ಬರದ ಅಂಗಡಿಯ ಒಂದು ಮೂಲೆಯಲ್ಲಿ ಅವರ ಮಾಲು ಇಡಲು ಜಾಗ ಕೊಡೋಣ. ಕಡೆದ ಲಟ್ಟಣಿಗೆಯನ್ನು ನಮ್ಮೂರಿನ ಮನೆಗಳೇ ಮೊದಲು ಕೊಳ್ಳಲಿ. ತಾಯಂದಿರ ಹೆಸರಿನಲ್ಲೂ ಷೇರು ಇರಲಿ. ಹಕ್ಕಿಲ್ಲದ ಹೆಂಗಸಿನ ಕಷ್ಟ ಎಂಥದ್ದು ಅಂತ ಕಮಲಾದೇವಿಯವರ ಮನೆಯ ಕಥೆಯೇ ಹೇಳುತ್ತದೆ.

ಹನಿ ಹನಿ ಕೂಡಿದರೆ ಹಳ್ಳ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ನೇಗಿಲು ಹಿಡಿದವನೂ ಉಳಿ ಹಿಡಿದವನೂ ಒಂದೇ ಸಂಘದಲ್ಲಿ ಕೂತರೆ ಸಂಘಕ್ಕೂ ಬಲ, ಊರಿಗೂ ಬಲ. ಈ ರಜತ ಮಹೋತ್ಸವದಲ್ಲಿ ಅಂಥ ಬುದ್ಧಿ ನಮಗೆಲ್ಲ ಬರಲಿ, ಸಂಘ ಇನ್ನೂ 25 ವರ್ಷ ಬೆಳೆದು ಸುವರ್ಣ ಮಹೋತ್ಸವ ಕಾಣಲಿ ಎಂದು ಹಾರೈಸಿ ನನ್ನ ಲೇಖನ ಮುಗಿಸುತ್ತೇನೆ.

ಜೈ ಸಹಕಾರ. ಜೈ ಕರ್ನಾಟಕ.