ಗಂಟಿನೊಳಗಿನ ಗಂಟು: ಕುರ್ಟ್ ಗೋಡೆಲನ ಬಾಳು
ಬ್ರೂನ್ ನಗರದ ಒಂದು ಮನೆಯಲ್ಲಿ, ಕಂಡುದಕ್ಕೆಲ್ಲ ಕಾರಣ ಕೇಳುತ್ತಿದ್ದ ಬಾಲಕನೊಬ್ಬನಿಗೆ ಮನೆಯವರು ಏಕೆ ಮಹಾಶಯನೆಂದು ಹೆಸರಿಟ್ಟಿದ್ದರು. ೧೯೦೬ರ ಏಪ್ರಿಲ್ ೨೮ರಂದು ಜನಿಸಿದ ಆ ಬಾಲಕನೇ ಕುರ್ಟ್ ಗೋಡೆಲ್. ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಆ ನಗರವು ಇಂದು ಚೆಕ್ ದೇಶದಲ್ಲಿದೆ. ಅದರ ಹೆಸರು ಈಗ ಬರ್ನೋ.

೧೯೨೪ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಭೌತಶಾಸ್ತ್ರವನ್ನು ಓದಲು ಹೋದವನು ಗಣಿತಕ್ಕೆ ಮನಸೋತನು. ಗಣಿತದ ಸತ್ಯಗಳೆಲ್ಲವನ್ನೂ ಕೆಲವೇ ಮೂಲಸೂತ್ರಗಳಿಂದ ಸಾಧಿಸಬಹುದೆಂಬ ವಿಶ್ವಾಸವು ಹಿಲ್ಬರ್ಟ್ ಮೊದಲಾದ ವಿದ್ವಾಂಸರಲ್ಲಿ ಆಗ ಪ್ರಬಲವಾಗಿದ್ದಿತು. ೧೯೩೧ರಲ್ಲಿ ಪ್ರಕಟವಾದ ಈ ತರುಣನ ಒಂದು ಪ್ರಬಂಧವು ಆ ವಿಶ್ವಾಸವನ್ನು ಕೆಡವಿತು.

ಅವನು ಹಿಡಿದ ದಾರಿ ಸರಳವಾದುದು. ಪ್ರತಿಯೊಂದು ಚಿಹ್ನೆಗೂ ಒಂದು ಸಂಖ್ಯೆಯನ್ನು ಕೊಡುವುದು. ಒಂದು ಸೂತ್ರದ ಚಿಹ್ನೆಗಳಿಗೆ ೩, ೧, ೨ ಎಂಬ ಸಂಖ್ಯೆಗಳು ಬಂದವೆನ್ನೋಣ. ಅವಿಭಾಜ್ಯ ಸಂಖ್ಯೆಗಳಲ್ಲಿ ಮೊದಲನೆಯದಾದ ೨ನ್ನು ಮೂರು ಸಲ, ೩ನ್ನು ಒಂದು ಸಲ, ೫ನ್ನು ಎರಡು ಸಲ ಇಟ್ಟು ಗುಣಿಸಿದರೆ ೬೦೦ ಬರುತ್ತದೆ. ಇಡೀ ಸೂತ್ರವು ಒಂದು ಸಂಖ್ಯೆಯೊಳಗೆ ಅಡಗಿತು. ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯುವ ಬಗೆ ಒಂದೇ ಆದುದರಿಂದ, ೬೦೦ನ್ನು ಒಡೆದವನಿಗೆ ೩, ೧, ೨ ಅದೇ ಕ್ರಮದಲ್ಲಿ ಮರಳಿ ದೊರೆಯಲೇಬೇಕು. ಸೂತ್ರಗಳ ಸಾಲೇ ಉಪಪತ್ತಿಯಷ್ಟೆ. ಆ ಸೂತ್ರಗಳ ಸಂಖ್ಯೆಗಳನ್ನು ಪುನಃ ಹೀಗೆಯೇ ಕಟ್ಟಿದರೆ ಗಂಟಿನೊಳಗೆ ಗಂಟಾಗುತ್ತದೆ. ಹೊರಗಿನದನ್ನು ಮೊದಲು, ಒಳಗಿನದನ್ನು ಅನಂತರ ಬಿಚ್ಚಬೇಕು. ಒಂದು ಸುತ್ತು ತಪ್ಪಿದರೂ ಅರ್ಥವು ಕೆಡುತ್ತದೆ. ಇಂದು ಗಣಕಯಂತ್ರಗಳು ಅಕ್ಷರಸಾಲಿನೊಳಗಣ ಅಕ್ಷರಸಾಲಿನಲ್ಲಿ ಅಡಗಿದ ಮಾಹಿತಿಯನ್ನು ಪದರಪದರವಾಗಿ ಬಿಡಿಸುವಾಗ ಪಾಲಿಸುವ ಶಿಸ್ತೂ ಇದೇ.

ಹೀಗೆ ಸಂಖ್ಯೆಗಳನ್ನು ಕುರಿತ ಸೂತ್ರವು ಸೂತ್ರಗಳನ್ನು ಕುರಿತೂ ನುಡಿಯಬಲ್ಲುದಾಯಿತು. ತನಗೆ ಉಪಪತ್ತಿಯಿಲ್ಲವೆಂದು ತಾನೇ ಹೇಳಿಕೊಳ್ಳುವ ಸೂತ್ರವೊಂದನ್ನು ಗೋಡೆಲನು ರಚಿಸಿದನು. ಮೂಲಸೂತ್ರಗಳಲ್ಲಿ ಪರಸ್ಪರ ವಿರೋಧವಿಲ್ಲದಿದ್ದರೆ ಅದನ್ನು ಸಾಧಿಸಲಾಗದು. ಅದು ಹೇಳುವುದೂ ಅದನ್ನೇ ಆದುದರಿಂದ ಅದು ಸತ್ಯ. ಸಾಧಿಸಲಾಗದ ಸತ್ಯವೂ ಉಂಟೆಂಬುದು ಸಿದ್ಧವಾಯಿತು.

೧೯೩೬ರಲ್ಲಿ ಅವನ ಗುರುಗಳಲ್ಲೊಬ್ಬನಾದ ಮೋರಿಟ್ಸ್ ಶ್ಲಿಕ್ ವಿಶ್ವವಿದ್ಯಾನಿಲಯದ ಮೆಟ್ಟಿಲುಗಳ ಮೇಲೆಯೇ ಕೊಲೆಗೀಡಾದುದು ಅವನ ಮನಸ್ಸನ್ನು ಕದಡಿತು. ೧೯೩೮ರಲ್ಲಿ ಅವನು ಆಡೆಲೆಯನ್ನು ವರಿಸಿದನು. ೧೯೪೦ರಲ್ಲಿ, ಯುದ್ಧದ ನಡುವೆ, ದಂಪತಿಗಳು ಸೈಬೀರಿಯದ ರೈಲಿನಲ್ಲಿ ಸಾಗಿ, ಜಪಾನಿನಿಂದ ಹಡಗೇರಿ ಅಮೆರಿಕವನ್ನು ಸೇರಿ, ಪ್ರಿನ್ಸ್‌ಟನ್ನಿನಲ್ಲಿ ನೆಲೆಸಿದರು. ಅಲ್ಲಿ ಐನ್‌ಸ್ಟೈನನೊಡನೆ ಮಾತನಾಡುತ್ತ ಮನೆಗೆ ನಡೆದುಹೋಗುವುದು ಅವನ ದೊಡ್ಡ ಸಂತೋಷವಾಗಿದ್ದಿತು. ೧೯೫೫ರಲ್ಲಿ ಆ ಸ್ನೇಹಿತನೂ ತೀರಿಕೊಂಡನು.

ಆಹಾರದಲ್ಲಿ ವಿಷವಿರಬಹುದೆಂಬ ಭಯವು ಗೋಡೆಲನನ್ನು ಬಿಡದೆ ಕಾಡಿತು. ಆಡೆಲೆಯ ಕೈಯಡಿಗೆಯೇ ಅವನ ಆಧಾರ. ೧೯೭೭ರಲ್ಲಿ ಅವಳು ಕಾಯಿಲೆಯಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿರಬೇಕಾಯಿತು. ಅವನು ಉಣ್ಣುವುದನ್ನು ಬಿಟ್ಟನು. ೧೯೭೮ರ ಜನವರಿ ೧೪ರಂದು ಪ್ರಾಣ ಹೋದಾಗ ದೇಹದ ತೂಕ ಸುಮಾರು ೩೦ ಕಿಲೋಗ್ರಾಂ ಮಾತ್ರ.

ಸಂಖ್ಯೆಯ ಗಂಟನ್ನು ಬಿಚ್ಚಿದರೆ ಕಟ್ಟಿದುದೇ ಹೊರಬರುವುದೆಂಬ ಭರವಸೆ ಅವನಿಗಿದ್ದಿತು. ಊಟದ ತಟ್ಟೆಯ ವಿಷಯದಲ್ಲಿ ಅಂಥ ಭರವಸೆಯನ್ನು ಕೊಡಬಲ್ಲವಳು ಆಡೆಲೆಯೊಬ್ಬಳೇ ಆಗಿದ್ದಳು.