ಸ್ಟ್ರೆಚರ್ ಹೊತ್ತ ಬ್ಯಾರಿಸ್ಟರ್

ಕಳೆದ ಆಷಾಢದಲ್ಲಿ ನಾವು ಐದು ಜನ ಅರಸೀಕೆರೆ ಹತ್ತಿರದ ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತಿದ್ವಿ. ಅರ್ಧ ದಾರೀಲಿ ಒಬ್ಬ ಅಜ್ಜ ಎದೆ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ರು. 108ಕ್ಕೆ ಫೋನ್ ಮಾಡಿದ್ವಿ. ಆದ್ರೆ ಆಂಬುಲೆನ್ಸ್ ಬೆಟ್ಟದ ಬುಡದವರೆಗೆ ತಾನೇ ಬರೋದು? ಅಜ್ಜನನ್ನ ಮಲಗಿಸಬೇಕಾ, ಕೂರಿಸಬೇಕಾ, ನೀರು ಕೊಡಬಹುದಾ, ಒಂದೂ ನಮಗೆ ಗೊತ್ತಿರಲಿಲ್ಲ. ಆಂಬುಲೆನ್ಸಿನ ಹುಡುಗ ಸ್ಟ್ರೆಚರ್ ಹಿಡಿದು ಮೇಲೆ ಬಂದು, ಯಾರು ತಲೆ ಕಡೆ, ಯಾರು ಕಾಲ ಕಡೆ ಅಂತ ಹೇಳಿಕೊಟ್ಟ ಮೇಲೇ ನಮ್ಮ ಕೈ ಓಡಿದ್ದು. ಅವನಿಗೂ ನಮಗೂ ವಯಸ್ಸಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅಜ್ಜ ಉಳಿದ್ರು. ನಮಗೆ ನಾಚಿಕೆ ಉಳೀತು.

ಆ ನಾಚಿಕೆಯಲ್ಲೇ ಗಾಂಧೀಜಿಯ ಆತ್ಮಕಥೆ ಓದ್ತಾ ಇದ್ದಾಗ ಸ್ಟ್ರೆಚರ್ ಹೊತ್ತ ಗಾಂಧಿ ಸಿಕ್ಕಿದರು. ಸ್ಕೂಲಲ್ಲಿ ಇವರ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ.

ಮೋಹನದಾಸ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಪೋರಬಂದರಿನಲ್ಲಿ. ಹುಡುಗನಿಗೆ ಡಾಕ್ಟರ್ ಆಗೋ ಆಸೆ ಇತ್ತು. ಹೆಣ ಕೊಯ್ಯೋ ವಿದ್ಯೆ ತಂದೆಗೆ ಇಷ್ಟವಿರಲಿಲ್ಲ ಅಂತ ಅಣ್ಣ ತಡೆದದ್ದರಿಂದ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆದರು. (ಮೆಡಿಕಲ್ ಸೀಟು ತಪ್ಪಿ ಇಲ್ಲಿಗೆ ಬಂದಿರೋ ನಮ್ಮ ಗೆಳೆಯರು ಇದನ್ನ ಗಮನಿಸಬೇಕು.) 1893ರಲ್ಲಿ ಒಂದು ಕೇಸಿಗಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದವರು ಅಲ್ಲೇ ನೆಲೆಸಿದರು.

ಆದ್ರೆ ಆ ಆಸೆ ಪೂರ್ತಿ ಹೋಗಿರಲಿಲ್ಲ ಅನ್ಸುತ್ತೆ. ಡರ್ಬನ್ನಿನಲ್ಲಿ ಡಾ. ಬೂತ್ ನೋಡಿಕೊಳ್ಳುತ್ತಿದ್ದ ಒಂದು ಚಿಕ್ಕ ಧರ್ಮಾಸ್ಪತ್ರೆ ಇತ್ತು. ವಕೀಲಿ ಚೆನ್ನಾಗಿ ನಡೀತಿದ್ದ ಕಾಲದಲ್ಲೇ ಗಾಂಧಿ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ, ರೋಗಿಗಳ ತೊಂದರೆ ಕೇಳಿ ಡಾಕ್ಟರಿಗೆ ತಿಳಿಸಿ, ಔಷಧಿ ಕೊಡುತ್ತಿದ್ದರು. ಬರುತ್ತಿದ್ದವರಲ್ಲಿ ಹೆಚ್ಚಿನವರು ಕರಾರಿನ ಮೇಲೆ ಹೋದ ತಮಿಳು, ತೆಲುಗು, ಉತ್ತರ ಭಾರತದ ಕೂಲಿಗಳು.

1899ರಲ್ಲಿ ಬೋಯರ್ ಯುದ್ಧ ಶುರುವಾಯಿತು. ಗಾಯಾಳುಗಳ ಸೇವೆಗೆ ಭಾರತೀಯರು ಬರ್ತೀವಿ ಅಂದಾಗ ಸರ್ಕಾರ ಮೊದಲು ಬೇಡ ಅಂತು. ಗಾಂಧಿ ಸುಮ್ಮನೆ ಕೂರಲಿಲ್ಲ. ಅದೇ ಡಾ. ಬೂತ್ ಹತ್ತಿರ ಎಲ್ಲರೂ ತರಬೇತಿ ಪಡೆದರು. ಸೈನ್ಯಕ್ಕೆ ಜನ ಸಾಲದೇ ಹೋದಾಗ ಈ ದಳ ತಯಾರಾಗಿತ್ತು. ಸುಮಾರು 1,100 ಜನ, ಅದರಲ್ಲಿ ಹೆಚ್ಚಿನವರು ಕರಾರು ಕೂಲಿಗಳೇ. 1900ರ ಜನವರಿಯಲ್ಲಿ ಸ್ಪಿಯಾನ್ ಕಾಪ್ ಬೆಟ್ಟದ ಕದನ ನಡೆಯಿತು. ಗುಂಡು ಬೀಳುವ ಜಾಗಕ್ಕೆ ಇವರು ಹೋಗಬೇಕಾಗಿಲ್ಲ ಅಂತ ಮೊದಲು ಮಾತಾಗಿತ್ತು, ಆದ್ರೂ ಹೋದರು. ಕೆಲವು ದಿನ 20ರಿಂದ 25 ಮೈಲಿ ಗಾಯಾಳುಗಳನ್ನು ಹೊತ್ತು ನಡೆದರು. 25 ಮೈಲಿ ಅಂದ್ರೆ 40 ಕಿಲೋಮೀಟರ್, ಹೆಚ್ಚುಕಮ್ಮಿ ಅರಸೀಕೆರೆಯಿಂದ ಹಾಸನಕ್ಕೆ. ಅಜ್ಜನನ್ನ ಅರ್ಧ ಬೆಟ್ಟ ಇಳಿಸುವಷ್ಟರಲ್ಲಿ ನಮ್ಮ ಭುಜ ಬಿದ್ದುಹೋಗಿತ್ತು.

1906ರದ್ದು ಇನ್ನೂ ಕಷ್ಟದ ಕಥೆ. ಜುಲು ಜನ ದಂಗೆ ಎದ್ದಾಗ ಗಾಂಧಿ ಎರಡು ಡಜನ್‌ನಷ್ಟು ಜನರ ಪುಟ್ಟ ದಳ ಕಟ್ಟಿಕೊಂಡು ಹೋದರು. ಸಿಕ್ಕ ರೋಗಿಗಳಲ್ಲಿ ಅನೇಕರು ಅನುಮಾನದ ಮೇಲೆ ಹಿಡಿದು ಚಾಟಿಯಲ್ಲಿ ಹೊಡೆದ ಜುಲುಗಳು. ಯಾರೂ ನೋಡದೆ ಅವರ ಹುಣ್ಣು ಕೀವಾಗಿದ್ದವು. ಬಿಳಿಯರು ಮುಟ್ಟಲು ಒಪ್ಪಲಿಲ್ಲ. ಬೇಲಿಯಾಚೆ ನಿಂತ ಬಿಳಿ ಸೈನಿಕರು ಬೈಯುತ್ತಿದ್ದರು. ರೋಗಿಯ ಭಾಷೆ ಇವರಿಗೆ ಬರಲ್ಲ, ಇವರ ಭಾಷೆ ರೋಗಿಗೆ ಬರಲ್ಲ. ಎಲ್ಲ ಕಣ್ಣು, ಕೈಸನ್ನೆಯಲ್ಲೇ. ಸಾಮ್ರಾಜ್ಯದ ಪರವಾಗಿ ಅಲ್ಲಿಗೆ ಹೋಗಿದ್ದೇ ತಪ್ಪು ಅಂತ ನಮ್ಮಲ್ಲಿ ಇಬ್ಬರು ಇವತ್ತಿಗೂ ವಾದಿಸ್ತಾರೆ. ಆ ವಾದ ನಮಗೆ ಪೂರ್ತಿ ತಳ್ಳಿಹಾಕೋಕೆ ಆಗಿಲ್ಲ. ಆದರೆ ಆ ಹುಣ್ಣು ತೊಳೆಯೋಕೆ ಬೇರೆ ಯಾರೂ ಇರಲಿಲ್ಲ ಅನ್ನೋದೂ ನಿಜ.

1914ರ ಆಗಸ್ಟಿನಲ್ಲಿ ಗಾಂಧಿ ಲಂಡನ್ನಿಗೆ ಬರೋ ಹೊತ್ತಿಗೆ ಮಹಾಯುದ್ಧ ಶುರುವಾಗಿತ್ತು. ಈ ಸಲ ಸೇರಿದವರಲ್ಲಿ ನಮ್ಮಂಥ ವಿದ್ಯಾರ್ಥಿಗಳೂ ಇದ್ದರು, ಇಂಗ್ಲೆಂಡಿನಲ್ಲಿ ಓದುತ್ತಿದ್ದ ಭಾರತೀಯರು. ಡಾ. ಕ್ಯಾಂಟ್ಲಿ ಆರು ವಾರ ಪ್ರಥಮ ಚಿಕಿತ್ಸೆ ಕಲಿಸಿದರು. ಸುಮಾರು 80 ಜನ ಪರೀಕ್ಷೆ ಬರೆದು ಒಬ್ಬರನ್ನು ಬಿಟ್ಟು ಎಲ್ಲರೂ ಪಾಸಾದರು. ನಮ್ಮ ಮ್ಯಾಥ್ಸ್ ಪೇಪರಿನ ರಿಸಲ್ಟ್ ಹೀಗೆ ಬಂದಿದ್ದು ನಾವಂತೂ ನೋಡಿಲ್ಲ. 45ರ ಆಸುಪಾಸಿನ ಗಾಂಧಿಯೂ ಅವರ ಜೊತೆಯಲ್ಲೇ ಕಲಿತರು. ಆದರೆ ಪಕ್ಕೆನೋವು ಜಾಸ್ತಿಯಾಗಿ, ಸೇವೆ ಮಾಡಬೇಕಿದ್ದವರೇ ಹಾಸಿಗೆ ಹಿಡಿದರು. 1915ರ ಜನವರಿ 9ರಂದು ಮುಂಬೈಗೆ ಬಂದಿಳಿದರು.

ಮುಂದಿನದು ನಿಮಗೆಲ್ಲ ಗೊತ್ತು. ಬೋಯರ್, ಜುಲು ಯುದ್ಧಗಳ ಸೇವೆಗೆ ಸಿಕ್ಕ ಪದಕಗಳನ್ನು 1920ರಲ್ಲಿ ಸರ್ಕಾರಕ್ಕೆ ವಾಪಸ್ ಮಾಡಿದರು. ಶುಶ್ರೂಷೆಯನ್ನು ಮಾತ್ರ ಬಿಡಲಿಲ್ಲ. ಸೇವಾಗ್ರಾಮದಲ್ಲಿ ಕುಷ್ಠ ಹಿಡಿದ ಸಂಸ್ಕೃತ ಪಂಡಿತ ಪರಚುರೆ ಶಾಸ್ತ್ರಿಗಳ ಮೈಯನ್ನು, ದೇಶದ ದೊಡ್ಡ ನಾಯಕರೆಲ್ಲ ಕಾಯುತ್ತಿದ್ದ ದಿನಗಳಲ್ಲೂ, ಸ್ವತಃ ಉಜ್ಜುತ್ತಿದ್ದರು. 1948ರ ಜನವರಿ 30ರಂದು ದೆಹಲಿಯಲ್ಲಿ ಗುಂಡಿಗೆ ಬಲಿಯಾದರು.

ಈ ಆಷಾಢಕ್ಕೆ ನಾವು ಮತ್ತೆ ಮಾಲೇಕಲ್ಲಿಗೆ ಹೋಗ್ತಿದ್ದೀವಿ. ಪ್ರಥಮ ಚಿಕಿತ್ಸೆ ಕ್ಲಾಸಿಗೆ ಸೇರಿ ಮೂರು ವಾರ ಆಯ್ತು. ಸ್ಟ್ರೆಚರ್ ಎತ್ತೋದು ಬಂತು, ಎದೆ ಒತ್ತೋದೂ ಬಂತು. ತ್ರಿಕೋನದ ಬ್ಯಾಂಡೇಜ್ ಕಟ್ಟೋದು ಮಾತ್ರ ಇನ್ನೂ ಸರಿಯಾಗಿ ಬರ್ತಿಲ್ಲ.